ಸಂಶೋಧನೆಯ ಸುದ್ದಿ: ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು

‘ಹೊಸ ಸಂಶೋಧನೆಯೊಂದರ ಪ್ರಕಾರ’ ಎಂದು ಆರಂಭವಾಗುವ ಸುದ್ದಿಗಳನ್ನು ನೀವು ಎಷ್ಟೋ ಬಾರಿ ಓದಿರುತ್ತೀರಿ. ಕಾಫಿ ಒಳ್ಳೆಯದೆಂದು ಒಂದು ವಾರ, ಕೆಟ್ಟದ್ದೆಂದು ಮರುವಾರ. ಇಂಥ ಸುದ್ದಿ ಓದಿ ಅಡುಗೆಯ ಎಣ್ಣೆ ಬದಲಾಯಿಸುವವರುಂಟು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನೇ ನಿಲ್ಲಿಸಿಬಿಡುವವರೂ ಉಂಟು. ಆದರೆ ಆ ಸಂಶೋಧನೆ ಯಾರ ಮೇಲೆ ನಡೆಯಿತು, ಹಣ ಕೊಟ್ಟವರು ಯಾರು, ಪರಿಶೀಲಿಸಿದವರು ಯಾರು ಎಂದು ಕೇಳುವವರು ಕಡಿಮೆ. ಇದೆಲ್ಲ ವಿಜ್ಞಾನಿಗಳ ವಿಷಯ, ನಮಗೇಕೆ ಎಂದುಕೊಳ್ಳಬೇಡಿ. ನಿಮ್ಮ ಮಗುವಿಗೆ ಲಸಿಕೆ ಹಾಕಿಸಬೇಕೇ ಬೇಡವೇ ಎಂಬ ತೀರ್ಮಾನಕ್ಕೂ ಈ ಪ್ರಶ್ನೆಗಳಿಗೂ ನೇರ ಸಂಬಂಧವಿದೆ.

ಪ್ರಕಟಣೆಯ ಹಾದಿ

ವೈದ್ಯರು ತಮ್ಮ ಅಧ್ಯಯನವನ್ನು ಲೇಖನವಾಗಿ ಬರೆದು ವೈದ್ಯಕೀಯ ನಿಯತಕಾಲಿಕಕ್ಕೆ ಕಳುಹಿಸುತ್ತಾರೆ. ಸಂಪಾದಕರು ಅದನ್ನು ಅದೇ ವಿಷಯದಲ್ಲಿ ಪರಿಣತರಾದ ಬೇರೆ ತಜ್ಞರಿಗೆ ಓದಲು ಕೊಡುತ್ತಾರೆ. ಅವರು ತಪ್ಪು ಒಪ್ಪುಗಳನ್ನು ತಿಳಿಸಿದ ಮೇಲೆ ಲೇಖನ ಅಚ್ಚಾಗುತ್ತದೆ ಅಥವಾ ತಿರಸ್ಕೃತವಾಗುತ್ತದೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಪರಿಶೀಲಿಸುವ ತಜ್ಞರು ಸಾಮಾನ್ಯವಾಗಿ ನೋಡುವುದು ಲೇಖನವನ್ನು ಮಾತ್ರ. ರೋಗಿಗಳನ್ನಾಗಲಿ ಆಸ್ಪತ್ರೆಯ ಕಡತಗಳನ್ನಾಗಲಿ ಅವರು ನೋಡುವುದಿಲ್ಲ. ಬರೆದವರು ಸತ್ಯವನ್ನೇ ಬರೆದಿದ್ದಾರೆ ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ. ಆ ನಂಬಿಕೆಗೆ ಕಾವಲಾಗಿಯೇ ಪ್ರಕಟಣೆಯ ನೀತಿ ನಿಯಮಗಳು ಹುಟ್ಟಿಕೊಂಡಿವೆ. ಅವು ಮುರಿದಾಗ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಒಂದು ಉದಾಹರಣೆ ಸಾಕು.

ಹನ್ನೆರಡು ಮಕ್ಕಳ ಲೇಖನ

1998ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ನಿಯತಕಾಲಿಕದಲ್ಲಿ ಲಂಡನ್ನಿನ ಡಾ. ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಅವರ 12 ಮಂದಿ ಸಹೋದ್ಯೋಗಿಗಳ ಲೇಖನ ಪ್ರಕಟವಾಯಿತು. ಕರುಳಿನ ತೊಂದರೆಯ ಜೊತೆಗೆ ಆಟಿಸಂನಂಥ ಬೆಳವಣಿಗೆಯ ಸಮಸ್ಯೆಯೂ ಇದ್ದ 12 ಮಕ್ಕಳ ವಿವರ ಅದರಲ್ಲಿತ್ತು. ದಡಾರ, ಮಂಗನಬಾವು, ರುಬೆಲ್ಲಾ ಈ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆ ಹಾಕಿಸಿದ ಮೇಲೆ ಲಕ್ಷಣಗಳು ಕಾಣಿಸಿಕೊಂಡವೆಂದು ಎಂಟು ಮಕ್ಕಳ ವಿಷಯದಲ್ಲಿ ಹೇಳಲಾಗಿತ್ತು. ಲಸಿಕೆಯೇ ಕಾರಣವೆಂದು ತಾವು ಸಾಬೀತುಪಡಿಸಿಲ್ಲ ಎಂದು ಲೇಖನದೊಳಗೇ ಬರೆದಿತ್ತು. ಆದರೆ ಪತ್ರಿಕಾಗೋಷ್ಠಿಯಲ್ಲಿ ವೇಕ್‌ಫೀಲ್ಡ್ ಅವರು ಮೂರೂ ಸೇರಿದ ಲಸಿಕೆಯನ್ನು ಬಿಟ್ಟು ಬಿಡಿಬಿಡಿಯಾಗಿ ಕೊಡುವುದೇ ಲೇಸು ಎಂದುಬಿಟ್ಟರು. ತಾಯ್ತಂದೆಯರ ಎದೆ ನಡುಗಿಸಲು ಅಷ್ಟೇ ಸಾಕಾಯಿತು.

ಆಟಿಸಂನ ಲಕ್ಷಣಗಳು ಹೆತ್ತವರ ಗಮನಕ್ಕೆ ಬರುವುದು ಹೆಚ್ಚಾಗಿ ಎರಡನೆಯ ವರ್ಷದ ಹೊತ್ತಿಗೆ. ಎಂಎಂಆರ್ ಲಸಿಕೆ ಕೊಡುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಅದೇ ರೀತಿ. ನಿಜವಾದ ಸಂಬಂಧವಿದೆಯೇ ಎಂದು ತಿಳಿಯಬೇಕಾದರೆ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ದೊಡ್ಡ ಸಂಖ್ಯೆಯಲ್ಲಿ ಹೋಲಿಸಿ ನೋಡಬೇಕು. ಆ ಲೇಖನದಲ್ಲಿ ಅಂಥ ಹೋಲಿಕೆ ಇರಲಿಲ್ಲ.

ಮುಚ್ಚಿಟ್ಟದ್ದೇನು?

2004ರಲ್ಲಿ ಬ್ರಯನ್ ಡೀರ್ ಎಂಬ ಪತ್ರಕರ್ತರು ಮರೆಯಲ್ಲಿದ್ದ ಸಂಗತಿಯನ್ನು ಬಯಲಿಗೆಳೆದರು. ಲಸಿಕೆ ತಯಾರಕರ ವಿರುದ್ಧ ಮೊಕದ್ದಮೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್ ಅವರಿಗೆ ಹಣ ಬರುತ್ತಿತ್ತು. ವರ್ಷಗಳು ಕಳೆದಂತೆ ಆ ಮೊತ್ತ 4 ಲಕ್ಷ ಪೌಂಡುಗಳನ್ನೂ ಮೀರಿತ್ತು. ಇದನ್ನು ಲೇಖನದಲ್ಲಿ ತಿಳಿಸಿರಲಿಲ್ಲ. ವಿಷಯ ಹೊರಬಿದ್ದ ಮೇಲೆ 13 ಲೇಖಕರಲ್ಲಿ 10 ಮಂದಿ, ಲಸಿಕೆಗೂ ಕಾಯಿಲೆಗೂ ಗಂಟುಹಾಕಿದ ವ್ಯಾಖ್ಯಾನದಿಂದ ಹಿಂದೆ ಸರಿದರು.

ಮಕ್ಕಳು ಸಾಮಾನ್ಯ ರೋಗಿಗಳಂತೆ ಒಬ್ಬರ ನಂತರ ಒಬ್ಬರು ಆಸ್ಪತ್ರೆಗೆ ಬಂದವರೆಂದೂ, ತಪಾಸಣೆಗಳಿಗೆ ನೈತಿಕ ಸಮಿತಿಯ ಒಪ್ಪಿಗೆ ಇತ್ತೆಂದೂ ಬರೆದದ್ದು ಸುಳ್ಳೆಂದು ಸಾಬೀತಾಯಿತು. ವೇಕ್‌ಫೀಲ್ಡ್ ತಮ್ಮ ಮಗನ ಹುಟ್ಟುಹಬ್ಬಕ್ಕೆ ಬಂದಿದ್ದ ಮಕ್ಕಳಿಗೆ ತಲಾ 5 ಪೌಂಡ್ ಕೊಟ್ಟು ರಕ್ತ ತೆಗೆಸಿದ್ದೂ ವಿಚಾರಣೆಗೆ ಬಂತು. 2010ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಲೇಖನವನ್ನು ಪೂರ್ತಿಯಾಗಿ ಹಿಂತೆಗೆದುಕೊಂಡಿತು. ಅದೇ ಮೇ ತಿಂಗಳಲ್ಲಿ ಅಲ್ಲಿನ ಜನರಲ್ ಮೆಡಿಕಲ್ ಕೌನ್ಸಿಲ್ ಅವರ ಹೆಸರನ್ನು ವೈದ್ಯರ ಪಟ್ಟಿಯಿಂದಲೇ ತೆಗೆದುಹಾಕಿತು. 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಇನ್ನೊಂದು ವಿವರ ಹೊರಗೆಡವಿತು. ಮಕ್ಕಳೆಲ್ಲರೂ ಮೊದಲು ಸಹಜವಾಗಿದ್ದರು ಎಂದು ಲೇಖನ ಹೇಳಿತ್ತು. ಆದರೆ ಅವರಲ್ಲಿ ಐವರ ಬೆಳವಣಿಗೆಯ ಬಗ್ಗೆ ಮೊದಲಿನಿಂದಲೇ ಆತಂಕವಿದ್ದುದು ದಾಖಲೆಗಳಲ್ಲಿತ್ತು.

ಬೆಲೆ ತೆತ್ತವರು ಮಕ್ಕಳು

ತಪ್ಪನ್ನು ತಿದ್ದಲು ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿತ್ತು. ಇಂಗ್ಲೆಂಡಿನಲ್ಲಿ ನೂರಕ್ಕೆ 90ಕ್ಕಿಂತ ಮೇಲಿದ್ದ ಎಂಎಂಆರ್ ಲಸಿಕೆಯ ಪ್ರಮಾಣ 2003-04ರ ವೇಳೆಗೆ ಸುಮಾರು 80ಕ್ಕೆ ಇಳಿಯಿತು. 1998ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಖಚಿತಪಟ್ಟ ದಡಾರದ ಪ್ರಕರಣಗಳು 56. 2008ರಲ್ಲಿ ಅದು 1,300 ದಾಟಿತು. 2006ರಲ್ಲಿ ಬಾಲಕನೊಬ್ಬ ದಡಾರದಿಂದ ತೀರಿಕೊಂಡ. 14 ವರ್ಷಗಳಲ್ಲಿ ಅಲ್ಲಿ ಸಂಭವಿಸಿದ ಅಂಥ ಮೊದಲ ಸಾವು ಅದು. ದಡಾರವೆಂದರೆ ಬರಿಯ ಮೈಮೇಲಿನ ಗುಳ್ಳೆಗಳಲ್ಲ. ಅದು ನ್ಯುಮೋನಿಯಾಕ್ಕೆ ತಿರುಗಬಹುದು, ಮೆದುಳಿಗೂ ಏರಬಹುದು.

ಹಾಗಾದರೆ ಲಸಿಕೆಯಿಂದ ಆಟಿಸಂ ಬರುತ್ತದೆಯೇ? ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಲಸಿಕೆ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. 12 ಮಕ್ಕಳ ಮಾತನ್ನೂ ಆರೂವರೆ ಲಕ್ಷ ಮಕ್ಕಳ ಮಾತನ್ನೂ ತಕ್ಕಡಿಯಲ್ಲಿಟ್ಟು ನೋಡಿ.

ಆದರೂ ಒಮ್ಮೆ ಹುಟ್ಟಿದ ಭಯ ಗಡಿ ದಾಟುತ್ತದೆ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗ, ಲಸಿಕೆಯ ಬಗ್ಗೆ ದಿಗಿಲು ಹುಟ್ಟಿಸುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು.

ಇರುವ ನಿಯಮಗಳೇನು?

ವಿಶ್ವ ವೈದ್ಯಕೀಯ ಸಂಘವು 1964ರಲ್ಲಿ ಒಪ್ಪಿದ ಹೆಲ್ಸಿಂಕಿ ಘೋಷಣೆ ಈ ವಿಷಯದಲ್ಲಿ ತಳಹದಿಯಿದ್ದಂತೆ. ಸಂಶೋಧನೆಗೆ ಒಳಗಾಗುವವರಿಗೆ ಎಲ್ಲವನ್ನೂ ತಿಳಿಸಿ ಒಪ್ಪಿಗೆ ಪಡೆಯಬೇಕು. ಸ್ವತಂತ್ರ ಸಮಿತಿಯೊಂದು ಮೊದಲೇ ಅನುಮತಿ ಕೊಟ್ಟಿರಬೇಕು. ಹಣದ ಮೂಲವನ್ನು ಹೇಳಬೇಕು. ನಿರೀಕ್ಷಿಸಿದಂತೆ ಬಾರದ ಫಲಿತಾಂಶವನ್ನೂ ಪ್ರಕಟಿಸಬೇಕು. ಈ ರೀತಿ ನಡೆಯದ ಸಂಶೋಧನೆಯನ್ನು ಅಚ್ಚಿಗೇ ಸ್ವೀಕರಿಸಬಾರದು ಎಂಬುದು ಅದರ ಆಶಯ.

ಕೆಟ್ಟ ಫಲಿತಾಂಶವನ್ನು ಬಚ್ಚಿಟ್ಟು ಒಳ್ಳೆಯದನ್ನು ಮಾತ್ರ ತೋರಿಸುವ ಚಾಳಿಯನ್ನು ತಡೆಯಲು ಇನ್ನೊಂದು ಉಪಾಯವುಂಟು. ಪ್ರಯೋಗಕ್ಕೆ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅದನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸಬೇಕು. ಹಾಗೆ ಮಾಡದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲವೆಂಬ ನಿಯಮವನ್ನು ಪ್ರಮುಖ ನಿಯತಕಾಲಿಕಗಳ ಸಂಪಾದಕರು 2005ರಿಂದ ಜಾರಿಗೆ ತಂದರು. ನಮ್ಮ ದೇಶದಲ್ಲಿ ಇಂಥ ನೋಂದಣಿ 2007ರಲ್ಲಿ ಆರಂಭವಾಗಿ, ಔಷಧಗಳ ಪ್ರಯೋಗಕ್ಕೆ 2009ರ ಜೂನ್ 15ರಿಂದ ಕಡ್ಡಾಯವಾಯಿತು. ಆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರತಂದ ಮಾರ್ಗಸೂಚಿಯೂ ಪ್ರಕಟಣೆಯಲ್ಲಿ ಪಾಲಿಸಬೇಕಾದ ನೀತಿಯನ್ನು ವಿವರಿಸುತ್ತದೆ.

ನೀವು ಕೇಳಬೇಕಾದ ಪ್ರಶ್ನೆಗಳು

1. ಅಧ್ಯಯನ ನಡೆದದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ? ಎಷ್ಟು ಮಂದಿಯ ಮೇಲೆ? ಹೋಲಿಸಿ ನೋಡಲು ಇನ್ನೊಂದು ಗುಂಪು ಇತ್ತೇ?

2. ಹಣ ಕೊಟ್ಟವರು ಯಾರು? ಕಂಪನಿಯ ಹಣ ಎಂದ ಮಾತ್ರಕ್ಕೆ ಸುಳ್ಳೆಂದು ತಿಳಿಯಬೇಕಿಲ್ಲ. ಅದನ್ನು ಬಹಿರಂಗವಾಗಿ ಹೇಳಿದ್ದಾರೆಯೇ ಎಂಬುದು ಮುಖ್ಯ.

3. ಇದು ತಜ್ಞರು ಪರಿಶೀಲಿಸಿದ ಲೇಖನವೋ ಅಥವಾ ಪತ್ರಿಕಾಗೋಷ್ಠಿಯಲ್ಲಿ ಆಡಿದ ಮಾತೋ?

4. ಬೇರೆ ಕಡೆ, ಬೇರೆಯವರು ನಡೆಸಿದಾಗಲೂ ಅದೇ ಫಲಿತಾಂಶ ಬಂದಿದೆಯೇ? ಒಂದೇ ಅಧ್ಯಯನ ಎಂದೂ ಕೊನೆಯ ಮಾತಲ್ಲ.

5. ಆ ಲೇಖನವನ್ನು ಆಮೇಲೆ ಹಿಂತೆಗೆದುಕೊಂಡಿದ್ದಾರೆಯೇ? ಹಳೆಯ ಸುದ್ದಿಗಳು ಮೊಬೈಲಿನಲ್ಲಿ ಹೊಸ ವೇಷ ತೊಟ್ಟು ಬರುವುದುಂಟು.

ನಿಮ್ಮನ್ನೋ ನಿಮ್ಮ ಮನೆಯವರನ್ನೋ ಸಂಶೋಧನೆಗೆ ಸೇರಿಕೊಳ್ಳುವಂತೆ ಆಸ್ಪತ್ರೆಯಲ್ಲಿ ಕೇಳಿದರೆ, ನಿಮಗೆ ಅರ್ಥವಾಗುವ ಭಾಷೆಯಲ್ಲಿರುವ ಒಪ್ಪಿಗೆ ಪತ್ರ ಕೇಳಿ ಪಡೆಯಿರಿ. ಪೂರ್ತಿ ಓದದೆ ಸಹಿ ಹಾಕಬೇಡಿ. ನೈತಿಕ ಸಮಿತಿಯ ಅನುಮತಿ ಇದೆಯೇ ಎಂದು ವಿಚಾರಿಸಿ. ಬೇಡವೆನಿಸಿದಾಗ ಹೊರಬರುವ ಹಕ್ಕು ನಿಮಗಿದೆ. ಹಾಗೆ ಹೊರಬಂದರೆ ನಿಮಗೆ ದೊರೆಯಬೇಕಾದ ಮಾಮೂಲಿ ಚಿಕಿತ್ಸೆಯನ್ನು ತಪ್ಪಿಸುವಂತಿಲ್ಲ.

ಸುದ್ದಿಯೊಂದನ್ನು ಓದಿದ ಮಾತ್ರಕ್ಕೆ ಲಸಿಕೆಯನ್ನಾಗಲಿ ಔಷಧಿಯನ್ನಾಗಲಿ ನಿಲ್ಲಿಸಬೇಡಿ. ಸಂಶಯವಿದ್ದರೆ ಅದನ್ನು ಕತ್ತರಿಸಿಟ್ಟುಕೊಂಡು ಹೋಗಿ ನಿಮ್ಮ ವೈದ್ಯರಿಗೆ ತೋರಿಸಿ. ನಿಮ್ಮ ಮಗುವಿಗೆ 9ರಿಂದ 12 ತಿಂಗಳಲ್ಲಿ ಮತ್ತು 16ರಿಂದ 24 ತಿಂಗಳಲ್ಲಿ ಕೊಡುವ ದಡಾರ-ರುಬೆಲ್ಲಾ ಲಸಿಕೆ ಆಗಿದೆಯೇ ಎಂದು ಇಂದೇ ತಾಯಿ ಕಾರ್ಡ್ ತೆಗೆದು ನೋಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಅಚ್ಚಾದದ್ದನ್ನು ಕಂಡಾಗಲೂ ಆ ಮಾತು ನೆನಪಿರಲಿ.