ಒಂದೇ ಪದ, ಎರಡು ಧಾಟಿ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಕಳೆದ ವರ್ಷ ಒಂದು ಗಾಯನ ಸ್ಪರ್ಧೆಯಲ್ಲಿ ನಾನು ಸಂತ ಶಿಶುನಾಳ ಶರೀಫರ ತತ್ವಪದ ಹಾಡಿದೆ. ಮನೆಯ ಮಾಳಿಗೆ ಸೋರುವ ಪದ ನಿಮಗೆಲ್ಲ ಗೊತ್ತಿರುವುದೇ. ಉಕ್ಕಡಗಾತ್ರಿಯಲ್ಲಿ ನಮ್ಮ ಓಣಿಯ ಹತ್ತಿರ ಭಜನೆಯವರು ಹಾಡುವುದನ್ನು ಕೇಳಿ ಕಲಿತಂತೆಯೇ ಹಾಡಿದೆ. ತೀರ್ಪುಗಾರರೊಬ್ಬರು "ಸಾಹಿತ್ಯ ಸರಿ ಇದೆ, ರಾಗ ತಪ್ಪು" ಎಂದರು. ಮನೆಗೆ ಬಂದು ಸಿ. ಅಶ್ವತ್ಥ್ ಅವರು ಹಾಡಿದ್ದನ್ನು ಮೊಬೈಲಿನಲ್ಲಿ ಕೇಳಿದೆ. ನಿಜ, ಎರಡೂ ಬೇರೆ ಬೇರೆ. ಹಾಗಾದರೆ ಸರಿಯಾದ ರಾಗ ಯಾವುದು? ಅದನ್ನು ಹುಡುಕುತ್ತಾ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಶರೀಫರು 1819ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ ಹುಟ್ಟಿದರು. ತಂದೆ ಇಮಾಮ್ ಸಾಹೇಬರು, ಗುರುಗಳು ಕಳಸದ ಗೋವಿಂದ ಭಟ್ಟರು. ಮೊಹರಂನ ಅಲಾವಿ ಪದಗಳನ್ನೂ ಅವರು ಕಟ್ಟಿದ್ದಾರೆ. 1889ರಲ್ಲಿ ತೀರಿಕೊಂಡರು. ಆಗ ನಮ್ಮ ಹಳ್ಳಿಗಳಲ್ಲಿ ಹಾಡು ಮುದ್ರಿಸಿಕೊಳ್ಳುವ ಯಂತ್ರ ಇರಲಿಲ್ಲ, ಸ್ವರ ಬರೆದಿಡುವ ರೂಢಿಯೂ ಇರಲಿಲ್ಲ. ಪದಗಳು ಬಾಯಿಂದ ಬಾಯಿಗೆ ಬಂದವು, ನಂತರ ಪುಸ್ತಕವಾದವು. ಪುಸ್ತಕಕ್ಕೆ ಸೇರಿದ್ದು ಅಕ್ಷರ ಮಾತ್ರ, ರಾಗ ಹಾಡುವವರ ಗಂಟಲಲ್ಲೇ ಉಳಿಯಿತು.

ಹಳೆಯ ಭಜನೆ ಪುಸ್ತಕಗಳಲ್ಲಿ ಹಾಡಿನ ಮೇಲೆ "ಧಾಟಿ" ಎಂದು ಬರೆದು, ಜನರಿಗೆ ಗೊತ್ತಿರುವ ಇನ್ನೊಂದು ಹಾಡಿನ ಹೆಸರು ಕೊಟ್ಟಿರುತ್ತಾರೆ. ಅಂದರೆ ಆ ಹಾಡಿನ ರಾಗದಲ್ಲಿ ಇದನ್ನೂ ಹಾಡಿ ಎಂದರ್ಥ. ಇದನ್ನು ದಾದಾಗೆ ಹೇಳಿದಾಗ ಅವರು ನಕ್ಕು, "ಬೇಟಾ, ನಾವು ಇದಕ್ಕೇ ತರ್ಜ್ ಅನ್ನೋದು" ಎಂದರು. ಮಿಲಾದ್‌ನಲ್ಲಿ ಹೊಸ ನಾತ್ ಓದುವವರೂ ಮೊದಲು ಯಾವ ತರ್ಜ್ ಎಂದೇ ಕೇಳುತ್ತಾರೆ.

ಭಜನೆಯ ಹಿರಿಯಜ್ಜನನ್ನು ಕೇಳಿದೆ. "ತಮ್ಮಾ, ಧಾಟಿ ಅಂದ್ರೆ ಬಂಡಿ, ಪದ ಅಂದ್ರೆ ಹೇರು. ಊರಿಗೊಂದು ಬಂಡಿ ಇರ್ತತಿ. ಹೇರು ಮಾತ್ರ ಚೆಲ್ಲಬಾರ್ದು" ಎಂದರು.

ಎರಡು ಧಾಟಿಗಳನ್ನೂ ಮತ್ತೆ ಮತ್ತೆ ಕೇಳಿದ ಮೇಲೆ ವ್ಯತ್ಯಾಸಕ್ಕೆ ಕಾರಣ ಹೊಳೆಯಿತು. ಭಜನೆಯಲ್ಲಿ ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹಾಡುತ್ತಾರೆ. ಎಲ್ಲರ ಬಾಯಿಗೂ ಬರಬೇಕಾದ್ದರಿಂದ ರಾಗದಲ್ಲಿ ಏರಿಳಿತ ಕಡಿಮೆ. ಏಕತಾರಿ ಒಂದೇ ಶ್ರುತಿ ಹಿಡಿದಿರುತ್ತದೆ, ತಾಳ ಮತ್ತು ದಮ್ಮಡಿ ನಡಿಗೆ ಕೊಡುತ್ತವೆ. ಹಾರ್ಮೋನಿಯಂ ನಂತರ ಸೇರಿದ್ದು. ಅದಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕಿದ್ದೇ 1842ರಲ್ಲಿ, ಆಗ ಶರೀಫರಿಗೆ 23 ವರ್ಷ. ಅಶ್ವತ್ಥ್ ಅವರು ಒಬ್ಬರೇ ಕೇಳುಗರ ಮುಂದೆ ನಿಂತು ಹಾಡುವ ಸುಗಮ ಸಂಗೀತಕ್ಕೆ ರಾಗ ಕಟ್ಟಿದರು. ಅಲ್ಲಿ ದನಿ ಮೇಲಕ್ಕೇರಬಹುದು, ಒಂದು ಮಾತನ್ನು ಎಳೆದು ನಿಲ್ಲಿಸಬಹುದು, ನಡುವೆ ವಾದ್ಯ ನುಡಿಯಬಹುದು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ, 1990ರ "ಸಂತ ಶಿಶುನಾಳ ಶರೀಫ" ಚಿತ್ರಕ್ಕೆ ಸಂಗೀತ ಕೊಟ್ಟವರೂ ಅವರೇ. ಚಿತ್ರ ಮತ್ತು ಕ್ಯಾಸೆಟ್‌ಗಳಿಂದ ಅವರ ಧಾಟಿ ನಾಡಿನ ಮೂಲೆ ಮೂಲೆಗೆ ಮುಟ್ಟಿತು. ಶರೀಫರ ಹೆಸರೇ ಕೇಳದವರೂ ಅವರ ಪದ ಹಾಡುವಂತಾಯಿತು. ಇದು ಸಣ್ಣ ಉಪಕಾರವಲ್ಲ.

ಬೇರೆ ದೇಶಗಳಲ್ಲೂ ಹೀಗೆಯೇ. "ಸೋಲ್ಜರ್ಸ್ ಜಾಯ್" ಎಂಬ ಪಿಟೀಲಿನ ಧಾಟಿ 18ನೇ ಶತಮಾನದಿಂದ ಸ್ಕಾಟ್ಲೆಂಡ್, ಐರ್ಲೆಂಡ್, ಅಮೆರಿಕಗಳಲ್ಲಿ ಕಿವಿಯಿಂದ ಕಿವಿಗೆ ಹರಿದು ಬಂದಿದೆ. ಒಬ್ಬರು ನುಡಿಸಿದಂತೆ ಇನ್ನೊಬ್ಬರು ನುಡಿಸುವುದಿಲ್ಲ. ಅಲ್ಲಿ ಅದನ್ನು ತಪ್ಪು ಎನ್ನುವುದಿಲ್ಲ, ಆ ಊರಿನ ಪಾಠ ಎಂದು ಬರೆದಿಡುತ್ತಾರೆ.

ನನ್ನ ಪ್ರಶ್ನೆಗೆ ಸಿಕ್ಕ ಉತ್ತರ ಇಷ್ಟು: ಶರೀಫರು ಹಾಡಿದ ರಾಗ ಇದೇ ಎಂದು ಭಜನೆಯವರೂ ಹೇಳುವಂತಿಲ್ಲ, ತೀರ್ಪುಗಾರರೂ ಹೇಳುವಂತಿಲ್ಲ. ಆದರೆ ಒಂದು ಧಾಟಿ ಲಕ್ಷಾಂತರ ಮೊಬೈಲುಗಳಲ್ಲಿದೆ. ಇನ್ನೊಂದು ನಮ್ಮೂರಿನ ನಾಲ್ಕು ಜನ ಹಿರಿಯರ ಗಂಟಲಲ್ಲಿದೆ. ಅವರ ಜೊತೆ ಕೂತು ಹಾಡುವ ಹುಡುಗರು ಈಗ ಇಲ್ಲ.

ಲೆಕ್ಕಶಾಸ್ತ್ರದ ತರಗತಿಯಲ್ಲಿ ನಾವು ಪ್ರತಿ ವ್ಯವಹಾರಕ್ಕೂ ದಿನಾಂಕ ಮತ್ತು ವಿವರ ಬರೆಯುತ್ತೇವೆ. ಬರೆಯದೆ ಬಿಟ್ಟದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಕಳೆದ ಅಮಾವಾಸ್ಯೆಯ ರಾತ್ರಿ ಅಜ್ಜನ ಅನುಮತಿ ಪಡೆದು ಆ ಧಾಟಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡೆ. ಊರು, ದಿನ, ಹಾಡಿದವರ ಹೆಸರು, ಅವರು ಯಾರಿಂದ ಕಲಿತರು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಊರಿನ ಭಜನೆ ಪದ, ಅಲಾವಿ ಪದ, ನಿಮ್ಮ ದಾದಿ ಹಾಡುವ ಮದುವೆ ಹಾಡು ಯಾವುದಾದರೂ ಸರಿ, ಈ ರಜೆಯಲ್ಲಿ ಒಂದನ್ನಾದರೂ ಹೀಗೆ ಉಳಿಸಿ ತನ್ನಿ. ಎಲ್ಲರೂ ಕೂತು ಕೇಳೋಣ.