ಅವಸರದ ಒಲೆ, ಅವಸರಕ್ಕೆ ಬಗ್ಗದ ಮಾಂಸ



ಕ್ರಿಸ್ತಜಯಂತಿಯ ರಜೆಗೆಂದು ಅಮೆರಿಕದ ಟೆಕ್ಸಾಸಿನಿಂದ ಊರಿಗೆ ಬಂದಿದ್ದ ಯುವಕನೊಬ್ಬ ಒಂದು ಭಾನುವಾರ ನನ್ನನ್ನು ಊಟಕ್ಕೆ ಕರೆದ. ಮನೆಯಲ್ಲಿ ಹೊಸದೊಂದು ಏರ್ ಫ್ರೈಯರ್ ಬಂದಿತ್ತು. "ಫಾದರ್, ಈ ಸಲ ಅಮ್ಮ ಅಡುಗೆಮನೆಗೆ ಬರುವ ಹಾಗಿಲ್ಲ. ಅಲ್ಲಿ ನಾನು ತಿನ್ನುವ ಬ್ರಿಸ್ಕೆಟನ್ನು ನಲವತ್ತೇ ನಿಮಿಷದಲ್ಲಿ ಮಾಡಿ ಬಡಿಸುತ್ತೇನೆ" ಎಂದ. ಒಂದು ಕಿಲೋ ಎದೆಭಾಗದ ಮಾಂಸಕ್ಕೆ ಉಪ್ಪು, ಮೆಣಸು ಸವರಿ 200 ಡಿಗ್ರಿಗೆ ಇಟ್ಟ. ನಲವತ್ತು ನಿಮಿಷದ ನಂತರ ಬಂದ ತುಂಡು ಹೊರಗೆ ಕಪ್ಪಗೆ, ಘಮಘಮ ಎನ್ನುವಂತಿತ್ತು. ಒಳಗೆ ಮಾತ್ರ ಚಪ್ಪಲಿಯ ತೊಗಲಿನಷ್ಟು ಗಟ್ಟಿ. ನಾವು ಹೇಗೋ ಅಗಿದೆವು. ಎಂಬತ್ತರ ಹತ್ತಿರವಿರುವ ಆ ತಾಯಿಗೆ ಉಳಿದಿರುವುದು ನಾಲ್ಕೈದು ಹಲ್ಲು. ಬಾಯಿಗಿಟ್ಟ ತುಂಡನ್ನು ಯಾರಿಗೂ ಕಾಣದಂತೆ ತಟ್ಟೆಯ ಅಂಚಿಗೆ ಸರಿಸಿ, "ನನಗೆ ಅಷ್ಟು ಹಸಿವಿಲ್ಲ ಮಗಾ" ಎಂದು ಸಾರು ಅನ್ನ ಕಲಸಿಕೊಂಡರು.

ಮಗನಿಗೆ ಅದು ಕಾಣದೇ ಇರಲಿಲ್ಲ. ನನ್ನನ್ನು ಬೀಳ್ಕೊಡಲು ಗೇಟಿನವರೆಗೆ ಬಂದವನು, "ಎಲ್ಲಿ ತಪ್ಪಿತು ಫಾದರ್?" ಎಂದು ಕೇಳಿದ. ಅವನಿಗೆ ಅಂದು ಅರ್ಧಂಬರ್ಧ ಹೇಳಿದ ಉತ್ತರವನ್ನು ಇಂದು ಕ್ರಮವಾಗಿ ಬರೆಯುತ್ತಿದ್ದೇನೆ. ವಿದೇಶದಲ್ಲಿರುವ ನಿಮ್ಮ ಮಕ್ಕಳಿಗೂ ಇದು ಉಪಯೋಗವಾದೀತು.

ಬ್ರಿಸ್ಕೆಟ್ ಎಂದರೇನು?

ಬ್ರಿಸ್ಕೆಟ್ ಎಂದರೆ ದನದ ಎದೆಯ ಮುಂಭಾಗದ, ಮುಂಗಾಲುಗಳ ನಡುವಿನ ಮಾಂಸ. ಮನುಷ್ಯರಿಗಿರುವಂತೆ ದನಕ್ಕೆ ಕೊರಳೆಲುಬು ಇಲ್ಲ. ಆದ್ದರಿಂದ ಅದು ನಿಂತಾಗ, ನಡೆದಾಗ ಮೈಭಾರದ ಹೆಚ್ಚಿನ ಪಾಲನ್ನು ಈ ಎದೆಯ ಸ್ನಾಯುಗಳೇ ಹೊರಬೇಕು. ಜೀವಮಾನವಿಡೀ ದುಡಿದ ಸ್ನಾಯು ಮೃದುವಾಗಿರಲು ಹೇಗೆ ಸಾಧ್ಯ? ಇದರಲ್ಲಿ ಎರಡು ಪದರಗಳಿವೆ. ಒಂದು ಚಪ್ಪಟೆಯಾದ, ಕೊಬ್ಬು ಕಡಿಮೆಯಿರುವ ಭಾಗ. ಇನ್ನೊಂದು ಅದರ ಮೇಲೆ ಕುಳಿತಿರುವ, ಕೊಬ್ಬು ಹೆಚ್ಚಿರುವ ದಪ್ಪ ಭಾಗ. ಎರಡರ ನಾರುಗಳೂ ಬೇರೆ ಬೇರೆ ದಿಕ್ಕಿಗೆ ಓಡುತ್ತವೆ.

ಪವಿತ್ರ ಗ್ರಂಥಕ್ಕೂ ಈ ಭಾಗ ಅಪರಿಚಿತವಲ್ಲ. ಯಾಜಕಕಾಂಡದ 7ನೇ ಅಧ್ಯಾಯದಲ್ಲಿ ಸಮಾಧಾನದ ಬಲಿಯ ನಿಯಮಗಳನ್ನು ಓದಿ ನೋಡಿ: ಬಲಿಪಶುವಿನ ಎದೆಯ ಭಾಗವು ಆರೋನನಿಗೂ ಅವನ ಮಕ್ಕಳಿಗೂ, ಅಂದರೆ ಯಾಜಕರಿಗೆ ಸಲ್ಲಬೇಕು. ಇನ್ನು ಆದಿಕಾಂಡದ 32ನೇ ಅಧ್ಯಾಯದಲ್ಲಿ ಯಕೋಬನ ತೊಡೆಯ ಕೀಲಿಗೆ ಪೆಟ್ಟು ಬಿದ್ದ ಪ್ರಸಂಗವಿದೆ. ಅದರ ನೆನಪಿಗಾಗಿ ಯೆಹೂದ್ಯರು ತೊಡೆಯ ಆ ನರವನ್ನು ತಿನ್ನುವುದಿಲ್ಲ. ಹಿಂಭಾಗದ ಮಾಂಸದಿಂದ ಅದನ್ನು ಬಿಡಿಸುವುದು ಕಷ್ಟವಾದ್ದರಿಂದ ಅವರಲ್ಲಿ ಅನೇಕರು ಮುಂಭಾಗದ ಮಾಂಸವನ್ನೇ ಬಳಸುತ್ತಾರೆ. ಪೂರ್ವ ಯೂರೋಪಿನ ಮೂಲದ ಯೆಹೂದ್ಯ ಮನೆಗಳಲ್ಲಿ ಹಬ್ಬದ ದಿನ ಈರುಳ್ಳಿಯೊಡನೆ ಗಂಟೆಗಟ್ಟಲೆ ಬೇಯಿಸಿದ ಬ್ರಿಸ್ಕೆಟ್ ಇರುವುದಕ್ಕೆ ಇದೂ ಒಂದು ಕಾರಣ.

ಟೆಕ್ಸಾಸಿನ ಕಥೆ ಬೇರೆ. 19ನೇ ಶತಮಾನದಲ್ಲಿ ಅಲ್ಲಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕಟುಕರು ಮಾಂಸವನ್ನು ಹೊಗೆಯಲ್ಲಿ ಬೇಯಿಸಿ ಮಾರುತ್ತಿದ್ದರು. ಲಾಕ್‌ಹಾರ್ಟ್ ಎಂಬ ಊರಿನ ಕ್ರೈಟ್ಸ್ ಮಾರ್ಕೆಟ್ 1900ರಿಂದ ನಡೆಯುತ್ತಿದೆ. ಐದಾರು ಕಿಲೋ ತೂಗುವ ಇಡೀ ಬ್ರಿಸ್ಕೆಟನ್ನು ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹತ್ತು, ಹನ್ನೆರಡು, ಕೆಲವೊಮ್ಮೆ ಹದಿನಾಲ್ಕು ಗಂಟೆಗಳ ಕಾಲ ಇಡುತ್ತಾರೆ. ನಮ್ಮ ಯುವಕ ತಿಂದು ಮೆಚ್ಚಿದ್ದು ಆ ಹನ್ನೆರಡು ಗಂಟೆಯ ಫಲವನ್ನು; ಊರಿನಲ್ಲಿ ಅದನ್ನು ನಿರೀಕ್ಷಿಸಿದ್ದು ನಲವತ್ತು ನಿಮಿಷದಲ್ಲಿ.

ಗಟ್ಟಿಯಾಗುವುದೇಕೆ, ಮೆತ್ತಗಾಗುವುದು ಹೇಗೆ?

ಆಡಿನ ಕಾಲುಸೂಪನ್ನು ರಾತ್ರಿ ತಣ್ಣಗಾಗಲು ಬಿಟ್ಟರೆ ಬೆಳಿಗ್ಗೆ ಅದು ಹಲ್ವದಂತೆ ಹೆಪ್ಪುಗಟ್ಟಿರುವುದನ್ನು ನೀವೆಲ್ಲ ಕಂಡಿದ್ದೀರಿ. ಆ ಅಂಟಿನ ಹೆಸರು ಜೆಲಟಿನ್. ಸ್ನಾಯುಗಳನ್ನು ಹಗ್ಗದಂತೆ ಬಿಗಿದಿರುವ ಕೊಲಾಜನ್ ಎಂಬ ವಸ್ತು ನೀರು, ಶಾಖ ಮತ್ತು ಸಮಯ ಸೇರಿದಾಗ ಕರಗಿ ಜೆಲಟಿನ್ ಆಗುತ್ತದೆ. ಬ್ರಿಸ್ಕೆಟಿನಲ್ಲಿ ಈ ಕೊಲಾಜನ್ ಹೇರಳ.

ಇಲ್ಲಿ ಎರಡು ಗಡಿಯಾರಗಳು ನಡೆಯುತ್ತವೆ ಎಂದು ತಿಳಿಯಿರಿ. ಮೊದಲನೆಯದು, ಮಾಂಸ ಬೇಯುವ ಗಡಿಯಾರ. ಒಳಗಿನ ಶಾಖ 60-65 ಡಿಗ್ರಿ ಮುಟ್ಟಿದಾಗ ಕೊಲಾಜನ್ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದಂತೆ ಮಾಂಸದ ರಸವನ್ನು ಹೊರಗೆ ಹಿಂಡುತ್ತದೆ. ಆಗ ಮಾಂಸ ಬೆಂದಿರುತ್ತದೆ, ಆದರೆ ಹಿಂದಿಗಿಂತ ಗಟ್ಟಿಯಾಗಿರುತ್ತದೆ. ಎರಡನೆಯದು, ಕೊಲಾಜನ್ ಕರಗುವ ಗಡಿಯಾರ. ಇದು 70 ಡಿಗ್ರಿಯ ನಂತರ ಚುರುಕಾಗಿ, ಒಳಶಾಖ 93-95 ಡಿಗ್ರಿ ತಲುಪುವ ಹೊತ್ತಿಗೆ ತನ್ನ ಕೆಲಸ ಮುಗಿಸುತ್ತದೆ. ಅದಕ್ಕೆ ಗಂಟೆಗಳು ಬೇಕು. ನಮ್ಮ ಯುವಕ ಮೊದಲನೆಯ ಗಡಿಯಾರ ನೋಡಿ ಒಲೆ ಆರಿಸಿದ. ಎರಡನೆಯದು ಆಗಷ್ಟೇ ನಡೆಯಲು ತೊಡಗಿತ್ತು.

ಏರ್ ಫ್ರೈಯರ್ ಎಂಬುದು ಹೆಸರಿಗೆ ಹುರಿಯುವ ಯಂತ್ರ. ವಾಸ್ತವವಾಗಿ ಅದೊಂದು ಪುಟ್ಟ ಓವನ್: ಮೇಲೆ ಕಾಯುವ ಸುರುಳಿ, ಅದರ ಬಳಿ ಜೋರಾಗಿ ತಿರುಗುವ ಫ್ಯಾನು. 2010ರಲ್ಲಿ ಫಿಲಿಪ್ಸ್ ಸಂಸ್ಥೆ ಈ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದಿತು. ಬೀಸುವ ಬಿಸಿಗಾಳಿ ಮಾಂಸದ ಮೇಲ್ಮೈಯನ್ನು ಬೇಗ ಒಣಗಿಸಿ ಕಂದು ಬಣ್ಣಕ್ಕೆ ತರುತ್ತದೆ. ಆದರೆ ಮೇಲ್ಮೈ ದಾಟಿದ ಮೇಲೆ ಶಾಖ ಮಾಂಸದೊಳಗೆ ತನ್ನದೇ ನಿಧಾನದಲ್ಲಿ ಇಳಿಯಬೇಕು. ತುಂಡಿನ ದಪ್ಪ ಎರಡು ಪಟ್ಟಾದರೆ ಬೇಯುವ ಸಮಯ ಸುಮಾರು ನಾಲ್ಕು ಪಟ್ಟಾಗುತ್ತದೆ. ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ ಒಂದು ವಿಚಾರ ನೆನಪಾಗುತ್ತದೆ: ಕೊಡುವವನಲ್ಲಿ ಎಷ್ಟೇ ಇದ್ದರೂ ಪಡೆಯುವುದು ತನ್ನ ಸ್ವಭಾವಕ್ಕೆ ತಕ್ಕಷ್ಟನ್ನೇ ಪಡೆಯುತ್ತದೆ. ಯಂತ್ರ 200 ಡಿಗ್ರಿ ಕೊಡಬಹುದು. ದಪ್ಪ ಮಾಂಸ ಅದನ್ನು ಒಮ್ಮೆಗೇ ಪಡೆಯಲಾರದು.

ಹಾಗಾದರೆ ಬೇಗ ಮಾಡುವ ದಾರಿಯೇ ಇಲ್ಲವೇ?

ಇದೆ. ಮೂರು ದಾರಿಗಳಿವೆ. ನಿಮ್ಮಲ್ಲಿರುವ ಸಮಯ ಮತ್ತು ಉಣ್ಣುವವರ ಹಲ್ಲು, ಇವೆರಡನ್ನೂ ನೋಡಿ ಆರಿಸಿಕೊಳ್ಳಿ. ಮೂರಕ್ಕೂ ಕಿಲೋಗೆ ಎರಡೂವರೆ ಟೀ ಚಮಚ, ಅಂದರೆ ಸುಮಾರು 15 ಗ್ರಾಂ ಉಪ್ಪು ಸಾಕು. ಹಿಂದಿನ ರಾತ್ರಿಯೇ ಸವರಿ ಫ್ರಿಜ್ಜಿನಲ್ಲಿಟ್ಟರೆ ಉಪ್ಪು ಒಳಗಿಳಿಯುತ್ತದೆ.

1. ಕುಕ್ಕರ್ ಮೊದಲು, ಏರ್ ಫ್ರೈಯರ್ ಆಮೇಲೆ. ಸುಮಾರು ಎರಡು ಗಂಟೆ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಒತ್ತಡದ ಕುಕ್ಕರಿನಲ್ಲಿ ಶಾಖ 120 ಡಿಗ್ರಿಯ ಹತ್ತಿರ ಹೋಗುತ್ತದೆ. ಕೊಲಾಜನ್ ಅಲ್ಲಿ ಬಹಳ ಬೇಗ ಕರಗುತ್ತದೆ. ಒಂದು ಕಿಲೋ ಮಾಂಸವನ್ನು ಎರಡು ತುಂಡು ಮಾಡಿ, ಎರಡು ಲೋಟ ನೀರು, ಹೆಚ್ಚಿದ ಈರುಳ್ಳಿ, ಬೆಳ್ಳುಳ್ಳಿ, ಕಾಳುಮೆಣಸಿನೊಡನೆ ಇಡಿ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು ಮಾಡಿ 50ರಿಂದ 60 ನಿಮಿಷ ಬಿಡಿ. ಸೀಟಿ ಎಣಿಸಬೇಡಿ, ನಿಮಿಷ ಎಣಿಸಿ. ಒತ್ತಡ ತಾನಾಗಿ ಇಳಿಯಲಿ. ಅವಸರದಿಂದ ಆವಿ ಬಿಟ್ಟರೆ ಮಾಂಸದೊಳಗಿನ ರಸ ಕುದಿದು ಹೊರಗೆ ಬರುತ್ತದೆ. ಫೋರ್ಕ್ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಆಮೇಲೆ ತುಂಡುಗಳನ್ನು ತೆಗೆದು, ತೇವ ಒರೆಸಿ, ಸ್ವಲ್ಪ ಎಣ್ಣೆ, ಮೆಣಸಿನಪುಡಿ ಸವರಿ ಏರ್ ಫ್ರೈಯರಿನಲ್ಲಿ 200 ಡಿಗ್ರಿಗೆ 8ರಿಂದ 10 ನಿಮಿಷ ಇಡಿ. ಕುಕ್ಕರಿನಲ್ಲಿ ಉಳಿದ ನೀರನ್ನು ಚೆಲ್ಲಬೇಡಿ. ಕುದಿಸಿ ಗಟ್ಟಿ ಮಾಡಿದರೆ ಅದೇ ಗ್ರೇವಿ.

2. ಏರ್ ಫ್ರೈಯರಿನಲ್ಲೇ ಪೂರ್ತಿ. ಸುಮಾರು ಮೂರು ಗಂಟೆ. ಒಂದು ಕಿಲೋ ತೂಕದ ಚಪ್ಪಟೆ ಭಾಗವನ್ನು, ಕೊಬ್ಬಿನ ಬದಿ ಮೇಲಿರುವಂತೆ, 200 ಡಿಗ್ರಿಯಲ್ಲಿ 12-15 ನಿಮಿಷ ಇಟ್ಟು ಬಣ್ಣ ಬರಿಸಿ. ನಂತರ ಕಾಲು ಲೋಟ ಸಾರಿನೊಡನೆ ಅಲ್ಯೂಮಿನಿಯಂ ಫಾಯಿಲಿನ ಎರಡು ಪದರದಲ್ಲಿ ಬಿಗಿಯಾಗಿ ಸುತ್ತಿ, 150 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಗಂಟೆ ಬೇಯಿಸಿ. ಸುತ್ತದೆ ಬಿಟ್ಟರೆ ತೇವ ಆರುತ್ತಾ ಮಾಂಸ ತಂಪಾಗುತ್ತದೆ, ನಾವು ಬೆವರಿದಾಗ ತಂಪಾಗುವಂತೆಯೇ. ಒಳಶಾಖ 65-75 ಡಿಗ್ರಿಯ ನಡುವೆ ಬಹಳ ಹೊತ್ತು ನಿಂತುಬಿಡುತ್ತದೆ. ಫಾಯಿಲಿನ ತುದಿ ಸಡಿಲವಾಗಿ ಹಾರಾಡಿ ಮೇಲಿನ ಕಾಯುವ ಸುರುಳಿಗೆ ತಾಗದಂತೆ ಎಚ್ಚರವಿರಲಿ. ಹಲವು ಯಂತ್ರಗಳು ಒಂದು ಗಂಟೆಗೆ ತಾವಾಗಿ ನಿಲ್ಲುತ್ತವೆ, ಮತ್ತೆ ಸಮಯ ಕೊಡಬೇಕು. ತೆಗೆದ ಮೇಲೆ ಸುತ್ತಿದಂತೆಯೇ ಅರ್ಧ ಗಂಟೆ ಬಿಡಿ.

3. ನಿಜವಾಗಿಯೂ ಬೇಗ: ತೆಳುವಾದ ಹೋಳು. ಹತ್ತು ನಿಮಿಷ. ಅರ್ಧ ಹೆಪ್ಪುಗಟ್ಟಿದ ಮಾಂಸವನ್ನು ಎರಡು-ಮೂರು ಮಿಲಿಮೀಟರ್ ತೆಳುವಾಗಿ, ನಾರಿಗೆ ಅಡ್ಡಲಾಗಿ ಕತ್ತರಿಸಿ, ಒಂದೇ ಪದರವಾಗಿ ಹರಡಿ 200 ಡಿಗ್ರಿಯಲ್ಲಿ 5-6 ನಿಮಿಷ ಇಡಿ. ಇಲ್ಲಿ ಕೊಲಾಜನ್ ಕರಗುವುದಿಲ್ಲ. ನಮ್ಮ ಕತ್ತಿಯೇ ನಾರನ್ನು ತುಂಡರಿಸಿ ಹಲ್ಲಿನ ಕೆಲಸ ಮಾಡಿರುತ್ತದೆ. ಕೊರಿಯಾದವರು ಚಾದೊಲ್‌ಬಾಗಿ ಎಂದು ಬ್ರಿಸ್ಕೆಟನ್ನು ಹೀಗೆಯೇ ಕಾಗದದಷ್ಟು ತೆಳುವಾಗಿ ಕತ್ತರಿಸಿ ಕ್ಷಣಮಾತ್ರ ಸುಡುತ್ತಾರೆ. ರುಚಿಯೇನೋ ಚೆನ್ನ. ಆದರೆ ಇದು ಹಲ್ಲು ಗಟ್ಟಿಯಿರುವವರ ಊಟ.

ಯಾವ ದಾರಿಯಾದರೂ ಬಡಿಸುವಾಗ ನಾರು ಯಾವ ಕಡೆಗೆ ಓಡುತ್ತದೆಂದು ನೋಡಿ, ಅದಕ್ಕೆ ಅಡ್ಡಲಾಗಿ ಕತ್ತರಿಸಿ. ನಾರಿನುದ್ದಕ್ಕೆ ಕತ್ತರಿಸಿದರೆ ಚೆನ್ನಾಗಿ ಬೆಂದ ಮಾಂಸವೂ ದಾರದಂತೆ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ನಮ್ಮ ರಾಜ್ಯದವರಿಗೆ ಒಂದು ಮಾತು

ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಹಸು, ಕರು, ಎತ್ತು, ಹೋರಿಗಳನ್ನು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಅವಕಾಶವಿದೆ. ಅಡುಗೆಯ ದೃಷ್ಟಿಯಿಂದಲೂ ಇದು ಮುಖ್ಯ. ಪ್ರಾಣಿಗೆ ವಯಸ್ಸಾದಂತೆ ಕೊಲಾಜನ್ನಿನ ಎಳೆಗಳು ಒಂದಕ್ಕೊಂದು ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. ಅವು ಕರಗಲು ಇನ್ನೂ ಹೆಚ್ಚು ಹೊತ್ತು ಬೇಕು. ಅಮೆರಿಕದ ಎಳೆಯ ಪ್ರಾಣಿಯ ಮಾಂಸಕ್ಕೆ ಬರೆದ ಲೆಕ್ಕ ಇಲ್ಲಿಯ ಕೋಣಕ್ಕೆ ನಡೆಯದು. ಊರಿನಲ್ಲಿ ಮಾಡುವವರು ಮೊದಲನೆಯ ದಾರಿಯನ್ನೇ ಹಿಡಿದು, ಕುಕ್ಕರಿನ ಸಮಯವನ್ನು 75ರಿಂದ 90 ನಿಮಿಷಕ್ಕೆ ಏರಿಸಿ. ನಡುವೆ ಒಮ್ಮೆ ಇಳಿಸಿ, ಒತ್ತಡ ಪೂರ್ತಿ ಹೋದ ಮೇಲೆ ಮುಚ್ಚಳ ತೆಗೆದು, ನೀರು ಎಷ್ಟಿದೆಯೆಂದು ನೋಡಿ.

ಇನ್ನು ಆರೋಗ್ಯದ ವಿಷಯ. ಹೆಪ್ಪುಗಟ್ಟಿದ ಮಾಂಸವನ್ನು ಹೊರಗಿಟ್ಟು ಕರಗಿಸಬೇಡಿ, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಒಂದು ದಿನ ಇಡಿ. ಹಸಿ ಮಾಂಸಕ್ಕೆ ಬಳಸಿದ ಮಣೆ, ಕತ್ತಿಗಳನ್ನು ಸೋಪಿನಿಂದ ತೊಳೆಯದೆ ಬೆಂದ ಮಾಂಸಕ್ಕೆ ಬಳಸಬೇಡಿ. ಉಳಿದದ್ದನ್ನು ಎರಡು ಗಂಟೆಯೊಳಗೆ, ಬೇಸಿಗೆಯ ಬಿಸಿಲಿನಲ್ಲಾದರೆ ಒಂದೇ ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು-ನಾಲ್ಕು ದಿನಗಳಲ್ಲಿ ಮುಗಿಸಿ.

ಪ್ರಿಯರೇ, ಬೇಗ ಆಗುವ ಕೆಲಸವನ್ನು ಬೇಗ ಮಾಡುವುದರಲ್ಲಿ ತಪ್ಪೇನೂ ಇಲ್ಲ. ಕುಕ್ಕರಾಗಲಿ ಏರ್ ಫ್ರೈಯರಾಗಲಿ ಅಡುಗೆಮನೆಯಲ್ಲಿ ಬೆಂದುಹೋಗುತ್ತಿದ್ದ ನಮ್ಮ ತಾಯಂದಿರಿಗೆ ಬಿಡುವು ಕೊಟ್ಟ ಸಾಧನಗಳು. ಯಾವುದನ್ನು ಅವಸರಿಸಬಹುದು, ಯಾವುದನ್ನು ಕಾಯಬೇಕು ಎಂಬ ವಿವೇಕ ಮಾತ್ರ ಯಂತ್ರದೊಡನೆ ಬರುವುದಿಲ್ಲ. ಅದನ್ನು ನಾವೇ ಕಲಿಯಬೇಕು. ಊಟಕ್ಕೆ ಕುಳಿತವರಲ್ಲಿ ಎಲ್ಲರಿಗಿಂತ ದುರ್ಬಲರು ಯಾರು ಎಂದು ಮೊದಲು ನೋಡಿಕೊಂಡರೆ ಒಲೆಯ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಆ ಯುವಕ ಟೆಕ್ಸಾಸಿಗೆ ಹೊರಡುವ ಹಿಂದಿನ ದಿನ ಮತ್ತೊಮ್ಮೆ ಮಾಡಿದ. ಈ ಸಲ ಬೆಳಿಗ್ಗೆ ಒಂಬತ್ತಕ್ಕೇ ಕುಕ್ಕರ್ ಇಟ್ಟ. ಕಾಯುವ ಆ ಒಂದೂವರೆ ಗಂಟೆ ತಾಯಿ-ಮಗ ಅಡುಗೆಮನೆಯಲ್ಲೇ ಕುಳಿತು ಈರುಳ್ಳಿ ಸುಲಿಯುತ್ತಾ ಮಾತಾಡಿದರಂತೆ. ರಜೆಯಲ್ಲಿ ಅಷ್ಟು ಹೊತ್ತು ಜೊತೆಗೆ ಕುಳಿತದ್ದು ಅದೇ ಮೊದಲಂತೆ. ಮರುವಾರ ಪೂಜೆ ಮುಗಿಸಿ ಬರುವಾಗ ಆ ತಾಯಿ ನನ್ನನ್ನು ನಿಲ್ಲಿಸಿ ಹೇಳಿದರು: "ಫಾದರ್, ಎರಡು ತುಂಡು ತಿಂದೆ. ಅವನೇ ಬಿಡಿಸಿ ಕೊಟ್ಟ."