ಚೆನ್ನಾಗಿ ಆಡುತ್ತಿದ್ದವನನ್ನು ಮ್ಯಾನೇಜರ್ ಏಕೆ ಕೂರಿಸುತ್ತಾರೆ?

ಪ್ರಶ್ನೆ: ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಎರಡು ಬೇಸ್‌ಬಾಲ್ ಪಂದ್ಯ ನೋಡಿದೆ. ಶನಿವಾರ ರಾತ್ರಿ, ಆರನೇ ಇನ್ನಿಂಗ್ಸ್‌ವರೆಗೆ ಒಂದೇ ರನ್ ಕೊಟ್ಟಿದ್ದ ಎಸೆತಗಾರನ ಬಳಿಗೆ ಮ್ಯಾನೇಜರ್ ನಡೆದು ಬಂದು, ಚೆಂಡು ಈಸಿಕೊಂಡು, ಅವನನ್ನು ಹೊರಗೆ ಕಳಿಸಿದರು. ಭಾನುವಾರ ಮಧ್ಯಾಹ್ನ ತಂಡದ ಅತ್ಯುತ್ತಮ ಬ್ಯಾಟರ್ ಆಡಲೇ ಇಲ್ಲ. ಗಾಯವೂ ಆಗಿರಲಿಲ್ಲವಂತೆ. ಗೆಲ್ಲಬೇಕೆನ್ನುವ ತಂಡ ಹೀಗೇಕೆ ಮಾಡುತ್ತದೆ? ಮ್ಯಾನೇಜರ್‌ಗೆ ಅಷ್ಟೊಂದು ಅಧಿಕಾರ ಇದೆಯೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಳ್ಳೆಯ ಪ್ರಶ್ನೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಎರಡೂ ದೃಶ್ಯ ವಿಚಿತ್ರವಾಗಿ ಕಾಣುವುದು ಸಹಜ. ಲಯ ಸಿಕ್ಕ ಬೌಲರ್‌ಗೆ ಇನ್ನೊಂದು ಓವರ್ ಕೊಡುವುದು ನಮಗೆ ಗೊತ್ತಿರುವ ರೀತಿ. ನಿಮ್ಮ ಸಂಶಯವನ್ನು ಹೀಗೆ ಹೇಳಬಹುದು: ಇವತ್ತಿನ ಪಂದ್ಯ ಗೆಲ್ಲಿಸಬಲ್ಲವನನ್ನು ಇವತ್ತೇ ಏಕೆ ಕೂರಿಸಬೇಕು? ಚುಟುಕಾಗಿ ಉತ್ತರಿಸುವುದಾದರೆ, ಬೇಸ್‌ಬಾಲ್ ಮ್ಯಾನೇಜರ್ ಪ್ರತಿ ಸಂಜೆಯೂ ಆರು ತಿಂಗಳ ಲೆಕ್ಕವನ್ನು ಮುಂದಿಟ್ಟುಕೊಂಡು ಕೂತಿರುತ್ತಾರೆ. ಆ ಲೆಕ್ಕವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು ಕ್ಯಾಲೆಂಡರ್. ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಪ್ರತಿ ತಂಡವೂ 162 ಪಂದ್ಯ ಆಡುತ್ತದೆ. ಐಪಿಎಲ್‌ನ ಲೀಗ್ ಹಂತದಲ್ಲಿ ಒಂದು ತಂಡಕ್ಕೆ 14 ಪಂದ್ಯ ಎಂಬುದನ್ನು ನೆನೆದರೆ ಅಂತರ ತಿಳಿಯುತ್ತದೆ. ಬಿಡುವಿನ ದಿನಗಳು ಇಡೀ ಋತುವಿನಲ್ಲಿ ಇಪ್ಪತ್ತೈದರ ಆಸುಪಾಸು. ಅವುಗಳಲ್ಲೂ ಎಷ್ಟೋ ದಿನಗಳು ಪ್ರಯಾಣದಲ್ಲೇ ಕಳೆಯುತ್ತವೆ. ಪೂರ್ವ ತೀರದಿಂದ ಪಶ್ಚಿಮ ತೀರಕ್ಕೆ ಹಾರಿದರೆ ಗಡಿಯಾರ ಮೂರು ಗಂಟೆ ಹಿಂದೆ ಸರಿಯುತ್ತದೆ, ನಿದ್ದೆ ಕೆಡುತ್ತದೆ. ಮಾರನೆಯ ದಿನ ಮತ್ತೆ ಪಂದ್ಯ.

ಇಷ್ಟು ಪಂದ್ಯಗಳಲ್ಲಿ ಸೋಲನ್ನು ಯಾರೂ ತಪ್ಪಿಸಿಕೊಳ್ಳಲಾರರು. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ 116 ಪಂದ್ಯ ಗೆದ್ದು, 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಆ ತಂಡವೂ 46 ಪಂದ್ಯ ಸೋತಿತ್ತು. ಅಕ್ಟೋಬರ್‌ನ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಮಣಿದು, ವರ್ಲ್ಡ್ ಸೀರೀಸ್ ಫೈನಲ್ ತಲುಪದೆ ಮನೆಗೆ ಮರಳಿತು. ಎಷ್ಟೇ ಕೆಟ್ಟ ತಂಡವೂ 54 ಗೆಲ್ಲುತ್ತದೆ, ಎಷ್ಟೇ ಒಳ್ಳೆಯ ತಂಡವೂ 54 ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತೀರಿ ಎಂಬುದೇ ಮುಖ್ಯ ಎಂದು ಆ ಆಟದವರಲ್ಲಿ ಹಳೆಯ ಮಾತೊಂದಿದೆ. ಅಂಕಿ ಅಕ್ಷರಶಃ ಸರಿಯಲ್ಲದಿದ್ದರೂ ಮಾತಿನ ಹುರುಳು ಸರಿಯಾಗಿದೆ. ಒಂದು ಸೋಲಿಗೆ ಹೆದರಿ ಒಬ್ಬ ಆಟಗಾರನನ್ನು ಬಳಲಿಸಿದರೆ ಮುಂದಿನ ಹತ್ತು ಪಂದ್ಯಗಳಲ್ಲಿ ಅದರ ಬೆಲೆ ತೆರಬೇಕಾಗುತ್ತದೆ.

ಇನ್ನು ಅಧಿಕಾರದ ವಿಷಯ. ಇಲ್ಲಿ ಬಹಳ ಜನರಿಗೆ ಒಂದು ಗೊಂದಲವಾಗುತ್ತದೆ. ಕ್ರಿಕೆಟ್‌ನಲ್ಲಿ ತಂಡದ ಮ್ಯಾನೇಜರ್ ಎಂದರೆ ಪ್ರಯಾಣ, ವಸತಿ, ಶಿಸ್ತು ನೋಡಿಕೊಳ್ಳುವವರು. ಬೌಲಿಂಗ್ ಬದಲಾವಣೆ ನಾಯಕನ ಕೆಲಸ. ಬೇಸ್‌ಬಾಲ್‌ನಲ್ಲಿ ಆ ನಾಯಕನ ಕೆಲಸವೆಲ್ಲ ಡಗೌಟ್‌ನಲ್ಲಿ ಕೂತ ಮ್ಯಾನೇಜರ್‌ದು. ಯಾರು ಆಡಬೇಕು, ಯಾವ ಕ್ರಮದಲ್ಲಿ ಬ್ಯಾಟ್ ಮಾಡಬೇಕು, ಯಾರು ಯಾವಾಗ ಎಸೆಯಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಆಟಗಾರರಂತೆಯೇ ಸಮವಸ್ತ್ರ ತೊಟ್ಟಿರುವುದರಿಂದ ನೀವು ಅವರನ್ನು ಸುಲಭವಾಗಿ ಗುರುತಿಸಿರಲಿಕ್ಕಿಲ್ಲ.

ಆದರೆ ಆಟಗಾರರನ್ನು ಕೊಳ್ಳುವುದು, ಮಾರುವುದು, ಒಪ್ಪಂದ ಮಾಡಿಕೊಳ್ಳುವುದು ಅವರ ಕೈಯಲ್ಲಿಲ್ಲ. ಅದು ಕಚೇರಿಯಲ್ಲಿ ಕೂರುವ ಜನರಲ್ ಮ್ಯಾನೇಜರ್ ಎಂಬ ಬೇರೊಬ್ಬರ ಕೆಲಸ. ‘ಮನಿಬಾಲ್’ ಚಿತ್ರ ನೋಡಿದ್ದರೆ ನೆನಪಿರಬಹುದು: 2002ರ ಓಕ್ಲೆಂಡ್ ತಂಡದಲ್ಲಿ ಬಿಲ್ಲಿ ಬೀನ್ ಜನರಲ್ ಮ್ಯಾನೇಜರ್, ಆರ್ಟ್ ಹೌ ಮ್ಯಾನೇಜರ್. ಹೀಗಾಗಿ ಮ್ಯಾನೇಜರ್ ತಮಗೆ ಕೊಟ್ಟ 26 ಜನರನ್ನು ಇಟ್ಟುಕೊಂಡೇ ಸಂಸಾರ ನಡೆಸಬೇಕು. ಅದರಲ್ಲಿ ಎಸೆತಗಾರರು, ಅಂದರೆ ಪಿಚರ್‌ಗಳು, 13ಕ್ಕಿಂತ ಹೆಚ್ಚಿರುವಂತಿಲ್ಲ.

ಈಗ ಶನಿವಾರದ ಪಿಚರ್ ವಿಷಯಕ್ಕೆ ಬರೋಣ. ಗಂಟೆಗೆ 150 ಕಿಲೊಮೀಟರ್ ವೇಗದಲ್ಲಿ ಮತ್ತೆ ಮತ್ತೆ ಎಸೆಯುವಾಗ ಮೊಣಕೈಯ ಅಸ್ಥಿರಜ್ಜಿನ (ಲಿಗಮೆಂಟ್) ಮೇಲೆ ಅಪಾರ ಒತ್ತಡ ಬೀಳುತ್ತದೆ. ಅದು ಹರಿದರೆ ಮಾಡುವ ಶಸ್ತ್ರಚಿಕಿತ್ಸೆಗೆ ‘ಟಾಮಿ ಜಾನ್’ ಎಂದು ಹೆಸರು. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅದನ್ನು ಮೊದಲು ಮಾಡಿದ್ದು ಆ ಹೆಸರಿನ ಪಿಚರ್‌ಗೆ. ಚೇತರಿಸಿಕೊಂಡು ಮೈದಾನಕ್ಕೆ ಮರಳಲು ಸಾಮಾನ್ಯವಾಗಿ ಒಂದು ವರ್ಷಕ್ಕೂ ಹೆಚ್ಚು ಬೇಕು. ಆದ್ದರಿಂದಲೇ ಪಂದ್ಯ ಆರಂಭಿಸುವ ಪಿಚರ್‌ಗಳು ಐವರಿರುತ್ತಾರೆ, ಸರದಿಯಂತೆ ನಾಲ್ಕೈದು ದಿನ ವಿಶ್ರಾಂತಿ ಪಡೆದು ಎಸೆಯುತ್ತಾರೆ. ಒಬ್ಬನ ಎಸೆತಗಳು ನೂರರ ಹತ್ತಿರ ಬಂದರೆ ಡಗೌಟ್‌ನಲ್ಲಿ ಚಡಪಡಿಕೆ ಶುರುವಾಗುತ್ತದೆ.

ಇನ್ನೊಂದು ಕಾರಣವೂ ಉಂಟು. ಒಂಬತ್ತು ಬ್ಯಾಟರ್‌ಗಳು ಸರದಿಯಂತೆ ಮರಳಿ ಮರಳಿ ಬರುತ್ತಾರೆ. ಒಬ್ಬನೇ ಪಿಚರ್‌ನನ್ನು ಮೂರನೇ ಸಲ ಎದುರಿಸುವ ಹೊತ್ತಿಗೆ ಅವನ ಚೆಂಡಿನ ಚಲನೆ ಅವರಿಗೆ ಪರಿಚಿತವಾಗಿರುತ್ತದೆ. ಪಿಚರ್ ದಣಿಯುತ್ತಿರುವಾಗಲೇ ಬ್ಯಾಟರ್ ಪಳಗುತ್ತಿರುತ್ತಾನೆ. ಆರನೇ ಇನ್ನಿಂಗ್ಸ್ ಸಾಮಾನ್ಯವಾಗಿ ಅದೇ ತಿರುವು.

ಹೊರಗೆ ಕರೆದ ಆಟಗಾರ ಆ ಪಂದ್ಯಕ್ಕೆ ಮತ್ತೆ ಮರಳುವಂತಿಲ್ಲ ಎಂಬ ನಿಯಮವೂ ಇದೆ. ಎರಡನೇ ಸ್ಪೆಲ್ ಎಂಬುದೇ ಇಲ್ಲ. ಉಳಿದ ಇನ್ನಿಂಗ್ಸ್‌ಗಳನ್ನು ಬುಲ್‌ಪೆನ್‌ನ, ಅಂದರೆ ಬದಲಿ ಎಸೆತಗಾರರ ಬಳಗದ, ಏಳೆಂಟು ಪಿಚರ್‌ಗಳಿಂದ ತುಂಬಿಸಬೇಕು. ಕೆರೆಯ ನೀರನ್ನು ಸುಗ್ಗಿಯವರೆಗೆ ಬರುವಂತೆ ತೂಬೆತ್ತಿ ಹಂಚುವ ನೀರುಗಂಟಿಯ ಕೆಲಸವೇ ಇದು. ನಿನ್ನೆ, ಮೊನ್ನೆ ಎರಡು ದಿನವೂ ಎಸೆದವನನ್ನು ಇವತ್ತು ಮುಟ್ಟದಿರುವುದು ಲೇಸು. ಎಸೆಯದೆ ಬರೀ ಕೈ ಬಿಸಿ ಮಾಡಿಕೊಂಡು ಕೂತವನಿಗೂ ದಣಿವಾಗಿರುತ್ತದೆ. ಅಂಕಿಪಟ್ಟಿಯಲ್ಲಿ ಕಾಣದ ಆ ದಣಿವನ್ನೂ ಮ್ಯಾನೇಜರ್ ಲೆಕ್ಕಕ್ಕೆ ಹಿಡಿಯಬೇಕು.

ಹಾಗೆಂದು ಇದಕ್ಕೆ ತಪ್ಪದ ಸೂತ್ರವೇನೂ ಇಲ್ಲ. ಎರಡು ಪ್ರಸಿದ್ಧ ರಾತ್ರಿಗಳನ್ನು ಒಟ್ಟಿಗೆ ನೋಡಿದರೆ ಇದು ಅರ್ಥವಾಗುತ್ತದೆ. 2003ರ ಅಕ್ಟೋಬರ್ 16ರಂದು ಯಾಂಕೀಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಎಂಟನೇ ಇನ್ನಿಂಗ್ಸ್‌ಗೆ 5–2ರ ಮುನ್ನಡೆಯಲ್ಲಿತ್ತು. ಪಿಚರ್ ಪೆಡ್ರೊ ಮಾರ್ಟಿನೆಜ್ ದಣಿದಿದ್ದರು. ಮ್ಯಾನೇಜರ್ ಗ್ರೇಡಿ ಲಿಟಲ್ ಹತ್ತಿರ ಹೋಗಿ ಮಾತಾಡಿ, ಅವರನ್ನೇ ಮುಂದುವರಿಸಿ ಮರಳಿದರು. ಯಾಂಕೀಸ್ ಅದೇ ಇನ್ನಿಂಗ್ಸ್‌ನಲ್ಲಿ ಸಮಗಟ್ಟಿ, 11ನೇ ಇನ್ನಿಂಗ್ಸ್‌ನಲ್ಲಿ ಏರನ್ ಬೂನ್ ಹೊಡೆದ ಹೋಮ್‌ರನ್‌ನಿಂದ ಗೆದ್ದಿತು. ಲಿಟಲ್ ಅವರ ಒಪ್ಪಂದ ನವೀಕರಣವಾಗಲಿಲ್ಲ.

ಇನ್ನೊಂದು, 2020ರ ಅಕ್ಟೋಬರ್ 27, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್‌ನ ಬ್ಲೇಕ್ ಸ್ನೆಲ್ 73 ಎಸೆತಗಳಲ್ಲಿ ಒಂಬತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿ, ಎರಡೇ ಹಿಟ್ ಕೊಟ್ಟಿದ್ದರು. ತಂಡ 1–0 ಮುಂದಿತ್ತು. ಬ್ಯಾಟರ್‌ಗಳ ಮೂರನೇ ಸುತ್ತು ಶುರುವಾಗುತ್ತಿದ್ದಂತೆ ಮ್ಯಾನೇಜರ್ ಕೆವಿನ್ ಕ್ಯಾಶ್ ಅವರನ್ನು ಹೊರಗೆ ಕರೆದರು. ಬದಲಿಗೆ ಬಂದ ನಿಕ್ ಆ್ಯಂಡರ್ಸನ್ ಹಿಂದಿನ ಹಲವು ಪಂದ್ಯಗಳಲ್ಲೂ ರನ್ ಕೊಟ್ಟಿದ್ದವರು. ಅವರನ್ನು ಎದುರಿಸಿದ ಮೊದಲ ಎದುರಾಳಿ ಬ್ಯಾಟರ್ ಮೂಕಿ ಬೆಟ್ಸ್, ಎರಡನೇ ಬೇಸ್‌ವರೆಗೆ ಓಡಲು ಸಿಗುವ ‘ಡಬಲ್’ ಹೊಡೆದರು. ಲಾಸ್ ಏಂಜಲೀಸ್ ಡಾಜರ್ಸ್ 3–1ರಿಂದ ಗೆದ್ದು ಪ್ರಶಸ್ತಿ ಎತ್ತಿತು. ಒಬ್ಬರು ಬಿಟ್ಟು ಕೆಟ್ಟರು, ಇನ್ನೊಬ್ಬರು ಕರೆದು ಕೆಟ್ಟರು. ಮ್ಯಾನೇಜರ್ ಮುಂದಿರುವುದು ಆ ಕ್ಷಣದಲ್ಲಿ ತಿಳಿದಷ್ಟೇ. ಫಲ ತಿಳಿದ ಮೇಲೆ ನಾವು ಕೊಡುವ ತೀರ್ಪು ಸುಲಭದ್ದು.

ಭಾನುವಾರ ಕೂತಿದ್ದ ಬ್ಯಾಟರ್ ವಿಷಯ ಇನ್ನೂ ಸರಳ. ಶನಿವಾರದ ಪಂದ್ಯ ರಾತ್ರಿ ಮುಗಿದಿದೆ, ಭಾನುವಾರದ್ದು ಮಧ್ಯಾಹ್ನವೇ ಶುರು. ನಡುವೆ ಸರಿಯಾದ ನಿದ್ದೆಗೂ ಹೊತ್ತಿಲ್ಲ. ಇಂಥ ಹಗಲು ಪಂದ್ಯಗಳಲ್ಲೇ ಮ್ಯಾನೇಜರ್‌ಗಳು ವಿಶ್ರಾಂತಿ ಹಂಚುತ್ತಾರೆ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗಂತೂ ಇದು ಬಹುತೇಕ ಕಡ್ಡಾಯ. ಪಂದ್ಯವಿಡೀ ಕುಕ್ಕರಗಾಲಲ್ಲಿ ಕೂತು ಏಳುವ ಮಂಡಿಗಳು ಅವನವು. ಆದ್ದರಿಂದ ಆ ದಿನ ಹೊರಗೆ ಕೂತದ್ದನ್ನು ಶಿಕ್ಷೆಯೆಂದು ತಿಳಿಯಬೇಕಾಗಿಲ್ಲ.

ಆದರೆ ಎಲ್ಲ ಆಟಗಾರರೂ ವಿಶ್ರಾಂತಿಯನ್ನು ಸಂತೋಷದಿಂದ ಒಪ್ಪುವುದಿಲ್ಲ. ಬಾಲ್ಟಿಮೋರ್‌ನ ಕ್ಯಾಲ್ ರಿಪ್ಕನ್ ಒಂದೂ ತಪ್ಪಿಸದೆ ಸತತ 2,632 ಪಂದ್ಯ ಆಡಿದರು. ಅದು ನಿಂತದ್ದು 1998ರ ಸೆಪ್ಟೆಂಬರ್ 20ರಂದು, ಅವರೇ ಮ್ಯಾನೇಜರ್ ರೇ ಮಿಲ್ಲರ್ ಬಳಿ ಹೋಗಿ ಇವತ್ತು ಆಡುವುದಿಲ್ಲ ಎಂದಾಗ. ಅವರಿಗಿಂತ ಮೊದಲು 2,130 ಪಂದ್ಯಗಳ ದಾಖಲೆ ಹೊಂದಿದ್ದ ಯಾಂಕೀಸ್‌ನ ಲೂ ಗೆರಿಗ್ ಕೂಡ 1939ರ ಮೇ 2ರಂದು ಮ್ಯಾನೇಜರ್ ಜೋ ಮೆಕಾರ್ಥಿ ಅವರಿಗೆ ತಾವೇ ಹೀಗೆ ಹೇಳಿದ್ದರು. ಅವರ ಮೈ ಸೋತದ್ದು ಗುಣವಾಗದ ನರರೋಗದಿಂದ ಎಂಬುದು ಮುಂದೆ ತಿಳಿಯಿತು. ಅಂಥ ಹಿರಿಯ ಆಟಗಾರ ತಂಡದಲ್ಲಿದ್ದರೆ, ಯಾವಾಗ ತಾನೇ ಹೇಳಬೇಕು, ಯಾವಾಗ ಆಟಗಾರನೇ ಹೇಳಲೆಂದು ಕಾಯಬೇಕು ಎಂಬುದು ಮ್ಯಾನೇಜರ್‌ನ ವಿವೇಕಕ್ಕೆ ಬಿಟ್ಟದ್ದು.

ಮೈಯ ದಣಿವಿನ ಜೊತೆಗೆ ಮನಸ್ಸಿನ ಲೆಕ್ಕವೂ ಸೇರುತ್ತದೆ. ಈ ಆಟದಲ್ಲಿ ಹತ್ತು ಪ್ರಯತ್ನಕ್ಕೆ ಮೂರು ಹಿಟ್ ಹೊಡೆದವನು ಶ್ರೇಷ್ಠ ಬ್ಯಾಟರ್. ಏಳು ಸಲ ಸೋಲುವುದು ಅವನ ನಿತ್ಯದ ಕೆಲಸ. ಹದಿನೈದು ದಿನ ಹಿಟ್ ಬಾರದಿದ್ದಾಗ ಅವನನ್ನು ಕೂರಿಸಿದರೆ ನಂಬಿಕೆ ಕುಸಿಯಬಹುದು, ಆಡಿಸುತ್ತಲೇ ಇದ್ದರೆ ತಂಡ ಸೋಲಬಹುದು. ಲೈನಪ್ ಚೀಟಿಯಲ್ಲಿ ಹೆಸರು ಎಷ್ಟನೆಯದು ಎಂಬುದೂ ಒಂದು ಸಂದೇಶವಾಗುತ್ತದೆ. 2006ರ ಪ್ಲೇಆಫ್‌ನಲ್ಲಿ ಯಾಂಕೀಸ್ ಮ್ಯಾನೇಜರ್ ಜೋ ಟೋರೆ, ಹಿಂದಿನ ವರ್ಷದ ಲೀಗಿನ ಅತ್ಯಮೂಲ್ಯ ಆಟಗಾರ ಅಲೆಕ್ಸ್ ರಾಡ್ರಿಗೆಜ್ ಅವರನ್ನು ಎಂಟನೇ ಸ್ಥಾನಕ್ಕೆ ಇಳಿಸಿದರು. ಡೆಟ್ರಾಯಿಟ್ ವಿರುದ್ಧದ ಆ ಪಂದ್ಯವನ್ನೂ ಸರಣಿಯನ್ನೂ ತಂಡ ಸೋತಿತು. ಮರುವರ್ಷ ಅದೇ ಟೋರೆ ಕೈಕೆಳಗೆ ರಾಡ್ರಿಗೆಜ್ 54 ಹೋಮ್‌ರನ್ ಹೊಡೆದರು. ನಾಲ್ಕು ವರ್ಲ್ಡ್ ಸೀರೀಸ್ ಗೆದ್ದ ಮ್ಯಾನೇಜರ್‌ಗೂ ಇದು ಕಷ್ಟದ ತೂಕವೇ.

ಬೆಂಚಿನಲ್ಲಿ ಕೂತವರನ್ನೂ ಮರೆಯುವಂತಿಲ್ಲ. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು, ಎಡಗೈ ಬ್ಯಾಟರ್‌ಗೆ ಬಲಗೈ ಪಿಚರ್‌ನ ಚೆಂಡು ಹೆಚ್ಚು ಚೆನ್ನಾಗಿ ಕಾಣುತ್ತದೆ. ಇದನ್ನು ಬಳಸಿಕೊಂಡು ಬಾಲ್ಟಿಮೋರ್ ಮ್ಯಾನೇಜರ್ ಅರ್ಲ್ ವೀವರ್ 1979ರಲ್ಲಿ ಲೆಫ್ಟ್ ಫೀಲ್ಡ್ ಸ್ಥಾನವನ್ನು ಬಲಗೈ ಬ್ಯಾಟರ್ ಗ್ಯಾರಿ ರೊನಿಕಿ, ಎಡಗೈ ಬ್ಯಾಟರ್ ಜಾನ್ ಲೋವೆನ್‌ಸ್ಟೈನ್ ನಡುವೆ ಹಂಚಿದರು. ತಂಡ ಆ ವರ್ಷ ವರ್ಲ್ಡ್ ಸೀರೀಸ್ ತಲುಪಿತು. ತನ್ನ ಸರದಿ ಯಾವಾಗ ಎಂದು ಮೊದಲೇ ತಿಳಿದವನು ಕೂತಲ್ಲೇ ಸಿದ್ಧನಾಗಿರುತ್ತಾನೆ; ತಿಳಿಯದವನು ಕೊರಗುತ್ತಾನೆ.

ಇದೆಲ್ಲ ಸೇರಿ ಒಂದು ಋತುವಾಗಿ ಹೇಗೆ ಕಾಣುತ್ತದೆ ಎಂಬುದಕ್ಕೆ ವಾಷಿಂಗ್ಟನ್ ನ್ಯಾಷನಲ್ಸ್ ಒಳ್ಳೆಯ ಉದಾಹರಣೆ. 2012ರಲ್ಲಿ ಆ ತಂಡ 98 ಪಂದ್ಯ ಗೆದ್ದು ಮುಂಚೂಣಿಯಲ್ಲಿತ್ತು. ಯುವ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ 2010ರಲ್ಲಿ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿತ್ತು. ಕೈ ಉಳಿಯಲೆಂದು ಜನರಲ್ ಮ್ಯಾನೇಜರ್ ಮೈಕ್ ರಿಜೊ ಸೆಪ್ಟೆಂಬರ್‌ನಲ್ಲೇ ಅವರ ಎಸೆತ ನಿಲ್ಲಿಸಿದರು. ಮ್ಯಾನೇಜರ್ ಡೇವಿ ಜಾನ್ಸನ್ ತಮ್ಮ ಅತ್ಯುತ್ತಮ ಪಿಚರ್‌ಗಳಲ್ಲೊಬ್ಬರಿಲ್ಲದೆ ಪ್ಲೇಆಫ್‌ಗೆ ಇಳಿದು ಸೋತರು. ಆ ತೀರ್ಮಾನ ಸರಿಯೇ ಎಂಬ ವಾದ ಇನ್ನೂ ಮುಗಿದಿಲ್ಲ.

ಏಳು ವರ್ಷಗಳ ಬಳಿಕ, 2019ರ ಮೇ ತಿಂಗಳ ಕೊನೆಯ ಭಾಗ. ಡೇವ್ ಮಾರ್ಟಿನೆಜ್ ಮ್ಯಾನೇಜರ್. ಟ್ರೇ ಟರ್ನರ್ ಬೆರಳು ಮುರಿದುಕೊಂಡು ವಾರಗಟ್ಟಲೆ ಹೊರಗಿದ್ದರು, ಇನ್ನೂ ಕೆಲವರಿಗೆ ಗಾಯ, ಬುಲ್‌ಪೆನ್ ದುರ್ಬಲ. 50 ಪಂದ್ಯಗಳಲ್ಲಿ ತಂಡ ಗೆದ್ದಿದ್ದು 19. ಮ್ಯಾನೇಜರ್‌ನನ್ನು ತೆಗೆಯಿರಿ ಎಂಬ ಕೂಗೆದ್ದಿತ್ತು. ಮಾರ್ಟಿನೆಜ್ ಗಾಬರಿಯಿಂದ ತಂಡವನ್ನು ಕಲಕಲಿಲ್ಲ. ಇವತ್ತಿನ ಪಂದ್ಯವೊಂದನ್ನೇ ನೋಡೋಣ ಎಂದು ಆಟಗಾರರಿಗೆ ಹೇಳುತ್ತಾ ಬಂದರು. ಗಾಯಾಳುಗಳು ಮರಳಿದರು. ಉಳಿದ 112ರಲ್ಲಿ 74 ಗೆದ್ದು ತಂಡ ಪ್ಲೇಆಫ್ ಸೇರಿತು.

ಅಲ್ಲಿ ಅವರು ಆರು ತಿಂಗಳ ಶಿಸ್ತನ್ನು ಬೇಕೆಂದೇ ಸಡಿಲಿಸಿದರು. ಪಂದ್ಯ ಆರಂಭಿಸುವ ದೊಡ್ಡ ಪಿಚರ್‌ಗಳಾದ ಸ್ಟ್ರಾಸ್‌ಬರ್ಗ್, ಮ್ಯಾಕ್ಸ್ ಶರ್ಜರ್, ಪ್ಯಾಟ್ರಿಕ್ ಕಾರ್ಬಿನ್ ಅವರನ್ನು ಬುಲ್‌ಪೆನ್‌ನಿಂದಲೂ ಇಳಿಸಿದರು. ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಕಾರ್ಬಿನ್ ನಡುವಿನ ಮೂರು ಇನ್ನಿಂಗ್ಸ್ ರನ್ ಕೊಡದೆ ಕಾದರು. ಹ್ಯೂಸ್ಟನ್ ಆ್ಯಸ್ಟ್ರೋಸ್ ಸೋತಿತು, ನ್ಯಾಷನಲ್ಸ್ ಮೊದಲ ಸಲ ಪ್ರಶಸ್ತಿ ಗೆದ್ದಿತು. ಸರಣಿಯ ಅತ್ಯಮೂಲ್ಯ ಆಟಗಾರ ಸ್ಟ್ರಾಸ್‌ಬರ್ಗ್. ಏಪ್ರಿಲ್‌ನಲ್ಲಿ ಹೀಗೆ ಮಾಡಿದ್ದರೆ ಅದು ಅವಿವೇಕ. ನಾಳೆಗೆ ಪಂದ್ಯವೇ ಉಳಿಯದ ಅಕ್ಟೋಬರ್‌ನಲ್ಲಿ ಅದೇ ಸರಿಯಾದ ನಡೆ.

ಇನ್ನೊಮ್ಮೆ ಪಂದ್ಯ ನೋಡುವ ಅವಕಾಶ ಸಿಕ್ಕರೆ ಮೂರು ಸಂಗತಿ ಗಮನಿಸಿ: ಪಿಚರ್ ಎಸೆದ ಚೆಂಡುಗಳ ಸಂಖ್ಯೆ, ಬ್ಯಾಟರ್‌ಗಳು ಎಷ್ಟನೇ ಸುತ್ತಿನಲ್ಲಿದ್ದಾರೆ ಎಂಬುದು, ಹಿಂದಿನ ಎರಡು ದಿನ ಬುಲ್‌ಪೆನ್‌ನಿಂದ ಯಾರು ಎಸೆದಿದ್ದರು ಎಂಬುದು. ಮೊದಲಿನದು ಟಿ.ವಿ. ಪರದೆಯ ಮೂಲೆಯಲ್ಲೇ ಕಾಣುತ್ತದೆ, ಕೊನೆಯದು ಹಿಂದಿನ ಪಂದ್ಯಗಳ ಅಂಕಿಪಟ್ಟಿಯಲ್ಲಿ ಸಿಗುತ್ತದೆ. ಈ ಮೂರು ತಿಳಿದರೆ ಮ್ಯಾನೇಜರ್ ಯಾವಾಗ ಡಗೌಟ್‌ನಿಂದ ಎದ್ದು ಬರುತ್ತಾರೆಂದು ನೀವೇ ಮುಂಚಿತವಾಗಿ ಊಹಿಸಬಲ್ಲಿರಿ. ಅವರ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೆ ಸಂಕೋಚ ಬೇಡ. ಅಲ್ಲಿನ ಪ್ರೇಕ್ಷಕರು ಬಹಳ ಪ್ರೀತಿಯಿಂದ ಮಾಡುವ ಕೆಲಸವೂ ಆ ವಾದವೇ.